ಕೊಕ್ಕನೂರಿನ ಎಚ್ಚಾರಪ್ಪ

ಭದ್ರಾ ನಾಲೆಗೆ ನೀರು ಬಿಟ್ಟಾಗ ಕೊಕ್ಕನೂರಿನಲ್ಲಿ ನಡುರಾತ್ರಿ ಎಚ್ಚರ ಇರುವವರು ಇಬ್ಬಗೆ. ಬ್ಯಾಟರಿ ಹಿಡಿದು ಗದ್ದೆಗೆ ನೀರು ತಿರುಗಿಸಲು ಹೋದವರು ಮತ್ತು ಎಚ್ಚಾರಪ್ಪ. ಮೊದಲಿನವರು ಏನು ಮಾಡುತ್ತಾರೆಂದು ಊರಿಗೆ ಗೊತ್ತು.

ಹೆತ್ತವರು ಇಟ್ಟ ಹೆಸರು ಬೇರೆ. ದಾವಣಗೆರೆಯಲ್ಲಿ ಎಂಬಿಎ ಮುಗಿಸಿ, ಬೆಂಗಳೂರಲ್ಲಿ ಕೆಲಸ ಹಿಡಿದು, ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದವನು ಮರಳಿ ಹೋಗಲಿಲ್ಲ. 'ಎಚ್‌ಆರ್ ಆಪರೇಷನ್ಸ್ ಕೋಆರ್ಡಿನೇಟರ್, ಗ್ಲೋಬಲ್' ಎಂದು ಲಗ್ನಪತ್ರಿಕೆಯಲ್ಲೂ ಅಚ್ಚು ಹಾಕಿಸಿದ್ದ. ಹಿರಿಯರು ಅಷ್ಟುದ್ದದ ತಂಟೆಗೆ ಹೋಗದೆ ಎಚ್ಚಾರಪ್ಪ ಅಂದರು, ಅದೇ ನಿಂತಿತು. ಇಂಥವನೊಬ್ಬ ಈಗ ಮಲೇಬೆನ್ನೂರಲ್ಲೂ ಇದ್ದಾನೆ, ಹೊನ್ನಾಳಿಯಲ್ಲೂ ಇದ್ದಾನೆ. ನಿಮ್ಮ ಮನೆಯ ಮಾಳಿಗೆ ಮೇಲೂ ಇದ್ದಾನು, ಒಮ್ಮೆ ನೋಡಿ.

ಅವನ ತಲೆಯೊಳಗೊಂದು ಪಂಚಾಂಗವಿದೆ, ಅದರಲ್ಲಿ ನಮ್ಮ ಹಬ್ಬಗಳಿಲ್ಲ. ಫಿಲಿಪ್ಪೀನ್ಸ್‌ನವರಿಗೆ ಹದಿಮೂರನೇ ತಿಂಗಳ ಪಗಾರ ಡಿಸೆಂಬರ್ 24ರೊಳಗೆ ಕೈಸೇರಬೇಕು, 1975ರಿಂದ ಅಲ್ಲಿ ಅದು ಕಾನೂನು ಎಂದು ಕಟಿಂಗ್ ಶಾಪಿನಲ್ಲಿ ಒಮ್ಮೆ ವಿವರಿಸಿದ.

"ಹದಿಮೂರನೇ ತಿಂಗಳು ಅಂದ್ರೆ ಅಧಿಕ ಮಾಸ ಏನಲೇ? ನಮಗೂ ಮೂರು ವರ್ಷಕ್ಕೊಂದು ಸಲ ಬರ್ತತಿ. ಆದ್ರೆ ಆವಾಗ ಕೊಡೋರು ನಾವು, ಇಸ್ಗಳ್ಳೋನು ಅಳಿಯ."

ಜರ್ಮನಿಯವನು ರಜೆಯಲ್ಲಿದ್ದಾಗ ಜ್ವರ ಬಂದು ಮಲಗಿದರೆ, ಡಾಕ್ಟರ ಚೀಟಿ ತೋರಿಸಿ ಆ ದಿನಗಳ ರಜೆ ವಾಪಸ್ ಪಡೆಯಬಹುದು ಅಂದಾಗ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಅಲ್ಲಿ ಕೆಲಸ ಬಿಡಲು ಮಾತ್ರ ಇಮೇಲ್ ನಡೆಯದು, ಕಾಗದದ ಮೇಲೆ ಕೈಯಾರೆ ಸಹಿ ಹಾಕಿ ಕೊಡಬೇಕು ಅಂದಾಗ ಒಬ್ಬರಿಗೆ ನಿರಾಸೆಯಾಯಿತು. "ನಮ್ ಪಹಣಿ ಕಂಪ್ಯೂಟರಿಗೆ ಹೋಗಿ ಇಪ್ಪತ್ತು ವರ್ಷದ ಮೇಲಾತು. ಇವ್ರಿನ್ನೂ ಶಾಯಿಯಾಗೇ ಅದಾರೇನು?"

ಮಾರ್ಚ್ ಬಂತೆಂದರೆ ಎಚ್ಚಾರಪ್ಪನಿಗೆ ಶನಿಕಾಟ. ಅಮೆರಿಕದವರು ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ, ಯುರೋಪಿನವರು ಕೊನೆಯ ಭಾನುವಾರ. ಈ ನಡುವೆ ಯಾರು ಯಾವ ಮೀಟಿಂಗಿಗೆ ಬಂದಾರು ಎಂಬುದು ನಮ್ಮೂರ ಹನುಮಪ್ಪನಿಗೇ ಗೊತ್ತು. ಆ ಹನುಮಪ್ಪನ ತೇರಿನ ದಿನವೂ ಇವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿರುತ್ತಾನೆ. ಊರಿಗೆಲ್ಲ ರಜೆ ಹಂಚುವವನ ಪಟ್ಟಿಯಲ್ಲಿ ತೇರು ಇಲ್ಲ.

ಊರಿನ ಲೆಕ್ಕದಲ್ಲಿ ಎಚ್‌ಆರ್ ಎಂದರೆ ಕೆಲಸ ಕೊಡಿಸುವವನು. ತಪ್ಪು ಅವರದಲ್ಲ. 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಲೇತು ಮಾಡುತ್ತಿದ್ದ ಕಾಲವನ್ನು ಕಂಡವರು ಅವರು. ಫ್ಯಾಕ್ಟರಿ ಎಂದರೆ ಗೇಟು, ಗೇಟಿನೊಳಗೊಬ್ಬ ಸಾಹೇಬ, ಸಾಹೇಬ ತಲೆ ಆಡಿಸಿದರೆ ಹುಡುಗನ ಬಾಳು ನೆಟ್ಟಗೆ ಎಂಬುದು ಅವರ ನಂಬಿಕೆ. ಆ ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿದರೂ ನಂಬಿಕೆಗೆ ಬೀಗ ಬಿದ್ದಿಲ್ಲ. ಹಾಗಾಗಿ ಬಯೋಡಾಟಾ, ಜೊತೆಗೆ ಮನೆಯ ಅಕ್ಕಿ, ಎರಡೂ ಬರುತ್ತವೆ. ಎಚ್ಚಾರಪ್ಪ "ಪೋರ್ಟಲ್‌ನಾಗೆ ಹಾಕ್ರಿ ಕಾಕಾ" ಎನ್ನುತ್ತಾನೆ. ಬಯೋಡಾಟಾವನ್ನು ಮಾತ್ರ.

ನಿಜ ಏನೆಂದರೆ, ಕೆಲಸಕ್ಕೆ ತೆಗೆದುಕೊಳ್ಳುವವರು ಡಬ್ಲಿನ್‌ನಲ್ಲಿ, ಪಗಾರ ಹಾಕುವವರು ಮನಿಲಾದಲ್ಲಿ. ಮನೆಗೆ ಕಳಿಸುವವರು ಎಲ್ಲಿದ್ದಾರೋ ಅವನಿಗೂ ತಿಳಿಯದು. ಕಳಿಸಿದವರಿಂದ ಲ್ಯಾಪ್‌ಟಾಪ್ ವಾಪಸ್ ತರಿಸುವುದಷ್ಟೇ ಇವನ ಪಾಲಿಗೆ. ಒಬ್ಬರ 'ಇಲ್ಲ'ವನ್ನು ಇನ್ನೊಬ್ಬರಿಗೆ ನೋವಾಗದಂತೆ ಮುಟ್ಟಿಸುವುದೇ ಕೋಆರ್ಡಿನೇಷನ್.

ಒಂದು ವಿಷಯದಲ್ಲಿ ಅವನನ್ನು ಮೆಚ್ಚಬೇಕು. ವಾರ್ಸಾದಲ್ಲೊಬ್ಬಾಕೆ ಬಸುರಿಯಾದ ಸುದ್ದಿ ಅವಳ ಅತ್ತೆಗಿಂತ ಮೊದಲು ಕೊಕ್ಕನೂರಿನ ಈ ಮಾಳಿಗೆಗೆ ತಲುಪುತ್ತದೆ, ಆದರೆ ಮೆಟ್ಟಿಲಿಳಿಯುವುದಿಲ್ಲ. ಯುರೋಪಿನಲ್ಲಿ 2018ರಿಂದ ಜಾರಿಯಾದ ಡೇಟಾ ಕಾನೂನಿನ ಹೆದರಿಕೆ ಅವನಿಗೆ. ಅವ್ವ ಕೆದಕಿದರೂ ಬಾಯಿ ಬಿಡ. ನಮ್ಮೂರಲ್ಲಿ ಸುದ್ದಿಯನ್ನು ಹೊಟ್ಟೆಯಲ್ಲಿ ಅರಗಿಸಿಕೊಳ್ಳಬಲ್ಲ ಇನ್ನೊಬ್ಬ ಪ್ರಾಣಿಯನ್ನು ನಾನು ಕಂಡಿಲ್ಲ.

ಮೊನ್ನೆ ಭತ್ತದ ನಾಟಿಗೆ ಆಳು ಸಿಗದೆ ಅಪ್ಪ ಕೈಚೆಲ್ಲಿದರು. "ದೇಶ ದೇಶದ ಮಂದೀನ ಸಂಭಾಳಿಸ್ತೀಯಂತೆ, ಹತ್ತು ಆಳು ಹೊಂದಿಸು ನೋಡಾಣ" ಅಂದರು. ನಾಟಿ ಗುಂಪಿನ ಮೇಸ್ತ್ರಿ ಅಕ್ಕ ಕಟ್ಟೆ ಹತ್ತಿರ ಬಂದು ನಿಂತಳು.

"ಎಕರೆ ಲೆಕ್ಕ ಮಾತಾಡಿ ಮುಗಿಸಪ್ಪ. ನಾಳೆ ಬೆಳಿಗ್ಗೆ ಆಳು ಗದ್ಯಾಗಿರ್ತಾವೆ."

"ಅಕ್ಕಾ, ಎಲ್ಲಾರ ಹೆಸರು, ಆಧಾರು, ಬ್ಯಾಂಕ್ ಡೀಟೇಲ್ಸು..."

"ನಾನೇ ಬ್ಯಾಂಕು. ಮುಂಗಡ ಎಷ್ಟು ಕೊಡ್ತೀ?"

"ಅದಕ್ಕೆ ಅಪ್ರೂವಲ್ ಬರ್ಬೇಕಕ್ಕಾ."

"ಯಾರ್ದು?"

ಎಚ್ಚಾರಪ್ಪ ಫೋನ್ ತೆಗೆದು ಏನೋ ಒತ್ತಿದ. ಅದೇ ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕುತ್ತಾ ಕೂತಿದ್ದ ಅಪ್ಪನ ಜೇಬು ಟಿಣ್ ಎಂದಿತು. ಅವರು ಕನ್ನಡಕ ಹುಡುಕುತ್ತಾ ಒಳಗೆ ಹೋದರು.