ವರ್ಣಜ್ಞರು

ಇಂಗ್ಲೆಂಡಿನಲ್ಲಿ ವಿಮಾನಗಳ ಪ್ರತಿಕೃತಿ ಕಟ್ಟುವ ಹವ್ಯಾಸಿಗಳ ಸಂಘವು ಯಾವ ಊರಿನಲ್ಲಿದ್ದರೂ ಸರಿಯೆ, ಅಲ್ಲಿ ಭೂತಗನ್ನಡಿ ಹಿಡಿದು, 1940ರಲ್ಲಿ ಕೆಂಟ್ ಪ್ರಾಂತದ ಹೊಲವೊಂದರಲ್ಲಿ ಬಿದ್ದ ಜರ್ಮನ್ ಮೆಸ್ಸರ್‌ಸ್ಮಿಟ್ ಯುದ್ಧವಿಮಾನದ ಕಪ್ಪು-ಬಿಳುಪು ಛಾಯಾಚಿತ್ರದ ಮೇಲೆ ಬಾಗಿ ಕುಳಿತ ಮಹನೀಯರೊಬ್ಬರು ಇದ್ದೇ ಇರುತ್ತಾರೆ. ನಮ್ಮಂಥ ಪಾಮರರಿಗೆ ಬರಿಯ ಬೂದು ಕಾಣುವಲ್ಲಿ ಅವರಿಗೆ ಬಣ್ಣ ಕಾಣುತ್ತದೆ. ಬಣ್ಣವಷ್ಟೇ ಅಲ್ಲ, ಜರ್ಮನ್ ವಾಯುಯಾನ ಸಚಿವಾಲಯವು ಅದಕ್ಕಿತ್ತ ಸಂಖ್ಯೆಯೂ ಕಾಣುತ್ತದೆ. “ಬೆನ್ನಿನ ಕಡುಹಸುರು 71, ಅದರ ಪಕ್ಕದ ಹಸುರುಬೂದು 02, ಹೊಟ್ಟೆಯ ತಿಳಿನೀಲಿ 65” ಎಂದು ಅವರು ಪಂಚಾಂಗ ಬಿಚ್ಚಿದ ಜೋಯಿಸರಂತೆ ನಿರರ್ಗಳವಾಗಿ ನುಡಿಯುತ್ತಾರೆ.

“ಮೂತಿ ಕಪ್ಪಲ್ಲವೆ, ಸಾರ್?” ಎಂದು ಹೊಸಬನೊಬ್ಬ ಬಾಯಿತಪ್ಪಿ ಕೇಳಿದನೋ, ಕೆಟ್ಟ.

“ಕಪ್ಪೆ? ಅಪ್ಪಟ ಹಳದಿ!”

ಅಲ್ಲಿಂದ ಉಪನ್ಯಾಸ. ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣದು, ನೀಲಿ ಬೇಕಾದುದಕ್ಕಿಂತ ಹೆಚ್ಚು ಕಾಣುತ್ತದೆ. ಆದುದರಿಂದ ಹಳದಿಯು ಅದರಲ್ಲಿ ಕಪ್ಪಿಗೆ ತಿರುಗುತ್ತದೆ, ಬ್ರಿಟಿಷ್ ವಿಮಾನದ ವೃತ್ತಲಾಂಛನದ ನೀಲಿಯು ತೆಳುವಾಗುತ್ತದೆ. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿಗೆ ಎಲ್ಲ ವರ್ಣಗಳೂ ಗೋಚರಿಸುತ್ತವೆಯಾದರೂ, ಛಾಯಾಗ್ರಾಹಕನು ಮಸೂರದ ಮುಂದೆ ಹಳದಿ ಶೋಧಕವನ್ನಿಟ್ಟಿದ್ದರೆ ನೀಲಿ ಕಪ್ಪಾಗುತ್ತದೆ. ಲಾಂಛನದ ಕೆಂಪು-ನೀಲಿಗಳು ಮೊದಲೇ ಗೊತ್ತಿರುವುದರಿಂದ, ಅವು ಚಿತ್ರದಲ್ಲಿ ಹೇಗೆ ಮೂಡಿವೆಯೆಂಬುದನ್ನು ನೋಡಿ ಫಿಲ್ಮಿನ ಜಾತಿಯನ್ನು ಊಹಿಸಬಹುದು. ಇಷ್ಟು ಶಾಸ್ತ್ರ, ಇಲ್ಲಿಂದ ಮುಂದಿನದು ದಿವ್ಯದೃಷ್ಟಿ.

ಆ ದೃಷ್ಟಿಗೆ ಪ್ರತ್ಯಕ್ಷಸಾಕ್ಷಿಯ ಹಂಗಿಲ್ಲ. 1940ರ ಬೇಸಗೆಯಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಹೊಟ್ಟೆಗೆ ‘ಸ್ಕೈ’ ಎಂಬ ತಿಳಿಹಸುರು ಛಾಯೆಯನ್ನು ಬಳಿಯಬೇಕೆಂದು ಅಪ್ಪಣೆಯಾದಾಗ, ಸಾಕಷ್ಟು ಬಣ್ಣವೇ ಒದಗದೆ, ಕೆಲವು ನೆಲೆಗಳವರು ಕೈಗೆ ಸಿಕ್ಕಿದ್ದನ್ನು ಕಲಸಿ ಬಳಿದದ್ದುಂಟು. ಅಂಥ ನೆಲೆಯಲ್ಲಿ ದುಡಿದ ವೃದ್ಧ ಮೆಕ್ಯಾನಿಕನೊಬ್ಬ ಸಂಘಕ್ಕೆ ಬಂದು, “ಡಬ್ಬಿಯಲ್ಲಿ ಇದ್ದುದನ್ನು ನಾನೇ ಬಳಿದೆ, ಅದು ನೀಲಿಯಾಗಿತ್ತು” ಎಂದರೆ, ನಮ್ಮ ವರ್ಣಜ್ಞರು ಅನುಕಂಪದಿಂದ ನಕ್ಕು, “ವಯಸ್ಸಾಯಿತು, ಪಾಪ, ಸ್ಮೃತಿ ಮೋಸಮಾಡುತ್ತದೆ, ಛಾಯಾಚಿತ್ರ ಮೋಸಮಾಡದು” ಎಂದು ನೆರೆದವರ ಕಡೆಗೆ ತಿರುಗುತ್ತಾರೆ. ಹಾಗಾದರೆ ಇದನ್ನು ನೋಡಿ ಎಂದು ಯಾರಾದರೂ ಅದೇ ವಿಮಾನದ ವರ್ಣಚಿತ್ರವನ್ನು ಮುಂದಿಟ್ಟರೆ, ಅದನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಕಾಲಾಂತರದಲ್ಲಿ ಮಾಸುವುವಾದುದರಿಂದ ಬಣ್ಣದ ವಿಷಯದಲ್ಲಿ ಬಣ್ಣದ ಚಿತ್ರವನ್ನು ನಂಬಲಾಗದೆಂದು ತೀರ್ಪು ಕೊಡುತ್ತಾರೆ.

ಇಷ್ಟಾದರೂ ಅವರನ್ನು ಹಳಿಯಲಾರೆ. ಕಪ್ಪನ್ನು ಕಪ್ಪೆಂದೇ ನಂಬಿ ಬಿಡುತ್ತಿದ್ದ ನಮಗೆ, ಅದು ಹಳದಿಯೂ ಆಗಿದ್ದೀತೆಂಬ ಸಂಶಯವನ್ನು ಕಲಿಸಿದವರು ಅವರೇ. ಆ ಸಂಶಯದಲ್ಲಿ ತಮಗಾಗಿ ಒಂದು ಚೂರನ್ನೂ ಉಳಿಸಿಕೊಳ್ಳದಷ್ಟು ಉದಾರಿಗಳು. ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನಿಮ್ಮ ಪುಟ್ಟ ವಿಮಾನಕ್ಕೆ ಬಣ್ಣ ಬಳಿದು ಒಣಗಿದ ಮೇಲೆ ಮಾತ್ರ ಅವರಿಗೆ ತೋರಿಸಿ, ಮೊದಲೇ ತೋರಿಸಿದಿರಾದರೆ ಅದಕ್ಕೆ ಬಣ್ಣ ಹತ್ತುವ ಆಸೆಯನ್ನು ಬಿಟ್ಟುಬಿಡಿ.