ಅಳಿಸಬೇಕಾದ್ದು – ಅಂತಿಮ

ಶಿವಮೊಗ್ಗದ ಬಹಳ ಜನಕ್ಕೆ ಸವಳಂಗ ಅಂದರೆ ಒಂದು ರಸ್ತೆ. ಆ ರಸ್ತೆ ಹಿಡಿದು ಪೇಟೆ ದಾಟಿ ಶಿಕಾರಿಪುರದ ಕಡೆ ಹೋದರೆ ಆ ಹೆಸರಿನ ಊರೂ ಸಿಗುತ್ತದೆ, ಕೆರೆ ಸಿಗುತ್ತದೆ, ನ್ಯಾಮತಿ–ಹೊನ್ನಾಳಿ ಕಡೆ ಹೊರಳುವ ಬಸ್ಸುಗಳು ಸಿಗುತ್ತವೆ, ನಮ್ಮ ಮೇಷ್ಟ್ರೂ ಸಿಗುತ್ತಾರೆ. ಹೆಸರು ಬೇಡ. ಇಂಥವರು ಊರಿಗೊಬ್ಬರಾದರೂ ಇದ್ದೇ ಇರುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಗಣಿತ ಹೇಳಿ ಎಚ್.ಎಂ. ಆಗಿ ನಿವೃತ್ತಿ, ಎರಡೆಕರೆ ಅಡಿಕೆ ತೋಟ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮಗ, ಮತ್ತು ಯಾವ ಕಾಗದವನ್ನೂ ಹರಿಯುವುದಿಲ್ಲವೆಂಬ ಹಟ.

ಹಟಕ್ಕೆ ಕಾರಣವಿದೆ. ಸರ್ವಿಸ್‌ನಲ್ಲಿದ್ದಾಗ ಆಡಿಟ್‌ನವರು ಸೀಮೆಸುಣ್ಣ ಕೊಂಡ ಒಂದು ವೋಚರ್ ಕೇಳಿದರು. ಸಿಗಲಿಲ್ಲ. ಆಕ್ಷೇಪಣೆ ಬಿತ್ತು, ಪತ್ರ ವ್ಯವಹಾರ ಬೆಳೆಯಿತು, ಕೊನೆಗೆ ಪೆನ್ಶನ್ ಫೈಲೇ ಆ ಡಬ್ಬಿ ಸೀಮೆಸುಣ್ಣದ ಹಿಂದೆ ಕುಂಟಿತು. ಅಂದಿನಿಂದ ಮೇಷ್ಟ್ರು ಬಸ್ ಟಿಕೆಟನ್ನೂ ಎಸೆದವರಲ್ಲ. ಅಟ್ಟದ ಮೇಲಿನ ಟ್ರಂಕುಗಳು ತುಂಬಿದವು, ಗೋಡೆ ಬೀರು ತುಂಬಿತು, ಅಷ್ಟರಲ್ಲಿ ಕೈಗೆ ಸ್ಮಾರ್ಟ್‌ಫೋನ್ ಬಂತು. ಕಾಗದಕ್ಕಾದರೆ ಗೆದ್ದಲು ಹಿಡಿದು ಒಂದಿಷ್ಟು ವಿಲೇವಾರಿಯಾಗುತ್ತಿತ್ತು. ಫೋಟೋಗೆ ಅದೂ ಇಲ್ಲ.

ಸ್ವಲ್ಪ ಕಾಲ ಗೂಗಲ್ ಫೋಟೋಸ್ ಎಲ್ಲವನ್ನೂ ಪುಕ್ಕಟೆಯಾಗಿ ನುಂಗಿಕೊಂಡಿತು. 2021ರ ಜೂನ್ 1ರಿಂದ ಆ ಪುಕ್ಕಟೆ ವ್ಯವಹಾರ ಬಂದ್ ಆಯಿತು. 15 ಜಿಬಿ ದಾಟಿದವರು ಬಾಡಿಗೆ ಕಟ್ಟಬೇಕು, 100 ಜಿಬಿಗೆ ಆಗ ತಿಂಗಳಿಗೆ 130 ರೂಪಾಯಿ. "ನಮ್ಮ ಫೋಟೋ ನಾವು ನೋಡಾಕೆ ಅವರಿಗ್ಯಾಕಪ್ಪ ಬಾಡಿಗೆ?" ಎಂದರು ಮೇಷ್ಟ್ರು. ಮಗ ಪರಿಹಾರ ತಂದ: ಮನೆಯ ವೈಫೈ ರೂಟರಿಗೆ ಜೋಡಿಸುವ ಒಂದು ನ್ಯಾಸ್ ಪೆಟ್ಟಿಗೆ, ಅದರೊಳಗೆ ತಲಾ 4 ಟಿಬಿಯ ಎರಡು ಹಾರ್ಡ್ ಡಿಸ್ಕು, ಪಕ್ಕಕ್ಕೊಂದು ಯುಪಿಎಸ್ಸು. ಆದ ಖರ್ಚಿನಲ್ಲಿ ಆ 130 ರೂಪಾಯಿಯನ್ನು ಮೊಮ್ಮಗಳ ಮದುವೆಯವರೆಗೆ ಕಟ್ಟಿಕೊಂಡು ಹೋಗಬಹುದಿತ್ತು. ಆದರೆ ಸ್ವಂತದ್ದು ಸ್ವಂತದ್ದೇ.

ಮೊದಲ ದಿನವೇ ಗಣಿತ ಕೈಕೊಟ್ಟಿತು. ನಾಲ್ಕು ನಾಲ್ಕು ಎಂಟು ಬರಬೇಕಾದ ಕಡೆ ತೆರೆಯ ಮೇಲೆ 3.6 ಎಂದು ಬಂತು. ಎರಡೂ ಡಿಸ್ಕಿನಲ್ಲಿ ಒಂದೇ ಸರಕು ಇರುತ್ತದೆ, ಒಂದು ಸತ್ತರೆ ಇನ್ನೊಂದು ಉಳಿಯಲಿ ಎಂದು, ಅಂತ ಮಗ ತಿಳಿಸಿ ಹೇಳಿದ. ಸರಿ, ನಾಲ್ಕು ಅನ್ನೋಣ. ಮಿಕ್ಕ ಪಾಯಿಂಟ್ ನಾಲ್ಕು ಎಲ್ಲಿ? "ತೂಕದಾಗೆ ಹೊಡ್ದಾರೆ" ಎಂಬ ತೀರ್ಮಾನಕ್ಕೆ ಮೇಷ್ಟ್ರು ಬಂದಿದ್ದರು. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಯಂತ್ರ 1024ರ ಲೆಕ್ಕ ಹಿಡಿಯುತ್ತದೆ ಎಂದ ಮೇಲೆ ಕ್ಯಾಲೆಂಡರಿನ ಹಿಂಬದಿಗೆ ಲೆಕ್ಕ ಮಾಡಿ, ತಾಳೆ ನೋಡಿ, ಒಪ್ಪಿದರು. ಆ ಕ್ಯಾಲೆಂಡರ್ ಹಾಳೆಯನ್ನು ಸ್ಕ್ಯಾನ್ ಮಾಡಿ ಪೆಟ್ಟಿಗೆಗೆ ಹಾಕಿದರು. ಅದೇ ಅದರ ಬೋಣಿ.

ಆಮೇಲೆ ತುಂಬಿದ್ದಕ್ಕೆ ಲೆಕ್ಕವಿಲ್ಲ. ದಿನಾ ಸಂಜೆ ವಾಟ್ಸ್‌ಆಪ್‌ಗೆ ಬರುವ ಅಡಿಕೆ ಧಾರಣೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಒಂದೇ ಚಿತ್ರ ಐದು ಗ್ರೂಪಿನಲ್ಲಿ ಬರುತ್ತದೆ, ಮನೆಯ ಮೂರು ಫೋನಿಗೂ ಬರುತ್ತದೆ, ಮೂರು ಫೋನೂ ಪೆಟ್ಟಿಗೆಗೆ ಸುರಿಯುತ್ತವೆ. "ಒಂದು ಸಾಕಲ್ವ ಸಾರ್?" ಅಂದರೆ "ಅದು ಚನ್ನಗಿರಿ ಗ್ರೂಪಿಂದು, ಇದು ಶಿವಮೊಗ್ಗದ್ದು" ಎನ್ನುತ್ತಾರೆ. 2014ರಲ್ಲಿ ಅಡಿಕೆ ಏರಿದಾಗ ಮಾರದೆ ಕೂತವರ ಕಥೆಯನ್ನೂ ಸೇರಿಸುತ್ತಾರೆ; ಅದಕ್ಕೂ ಚಿತ್ರಕ್ಕೂ ಏನು ಸಂಬಂಧ ಎಂದು ಕೇಳಿದವರಿಲ್ಲ. ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬದ ವಿಡಿಯೋಗಳು: ಕೊಬ್ಬರಿ ಹಾರ ಹೊತ್ತ ಹೋರಿ ಒಂದು ಕ್ಷಣ ಕಾಣುತ್ತದೆ, ಮಿಕ್ಕ ನಾಲ್ಕು ನಿಮಿಷ ಯಾರದೋ ಬೆನ್ನು. ಬೋರ್‌ವೆಲ್ಲಿನಲ್ಲಿ ನೀರು ಚಿಮ್ಮಿದ್ದು, ಚಿಮ್ಮದೇ ಧೂಳೆದ್ದದ್ದು. ತರಳಬಾಳು ಹುಣ್ಣಿಮೆಯ ಭಾಷಣಗಳು ಪೂರ್ತಿಯಾಗಿ, ಮೈಕ್ ಟೆಸ್ಟಿಂಗ್ ಸಮೇತ. ಮತ್ತೆ ಶುಭೋದಯಗಳು. 2018ರಲ್ಲಿ ಅಮೆರಿಕದ ಒಂದು ದೊಡ್ಡ ಪತ್ರಿಕೆ, ಭಾರತೀಯರ ಫೋನುಗಳು ತುಂಬಿ ಉಸಿರುಗಟ್ಟುವುದಕ್ಕೆ ಈ ಗುಡ್ ಮಾರ್ನಿಂಗ್ ಹೂಗಳೇ ಕಾರಣವೆಂದು ಗೂಗಲ್‌ನವರು ಕಂಡುಹಿಡಿದದ್ದನ್ನು ಬರೆದಿತ್ತು. ಆ ಸುದ್ದಿಯ ಕಟಿಂಗೂ ಮೇಷ್ಟ್ರ ಹತ್ತಿರ ಇದೆ, ಶುಭೋದಯಗಳ ಪಕ್ಕದ ಫೋಲ್ಡರಿನಲ್ಲಿ. 1956ರಲ್ಲಿ ಐಬಿಎಂ ತಯಾರಿಸಿದ ಮೊದಲ ಹಾರ್ಡ್ ಡಿಸ್ಕ್ ಒಂದು ಟನ್ನಿಗಿಂತ ಭಾರವಿತ್ತಂತೆ, ಹಿಡಿಸುತ್ತಿದ್ದುದು 5 ಎಂಬಿ. ಮೇಷ್ಟ್ರ ಕಾಲಕ್ಕೆ ಅದನ್ನು ಲಾರಿಯಲ್ಲಿ ತಂದು ಇಳಿಸಿದ್ದರೂ ಒಂದು ದಾಸವಾಳ, ಒಂದು ಹಣತೆ, "ನಿಮ್ಮ ದಿನ ಶುಭವಾಗಲಿ" ಎಂಬಷ್ಟಕ್ಕೆ ಭರ್ತಿಯಾಗುತ್ತಿತ್ತು.

ಫೋಲ್ಡರುಗಳ ವ್ಯವಸ್ಥೆ ಮಾತ್ರ ಮೆಚ್ಚಬೇಕು. ಈ ಊರು ಕೂತ ಜಾಗದಿಂದ ಒಂದಿಂಚೂ ಕದಲಿಲ್ಲ, ಆದರೆ 1997ರಲ್ಲಿ ಶಿವಮೊಗ್ಗ ಜಿಲ್ಲೆ ಬಿಟ್ಟು ದಾವಣಗೆರೆಗೆ ಸೇರಿತು, 2018ರಲ್ಲಿ ಹೊನ್ನಾಳಿ ತಾಲ್ಲೂಕು ಬಿಟ್ಟು ನ್ಯಾಮತಿಗೆ ಸೇರಿತು. ಹಾಗಾಗಿ ಮೇಷ್ಟ್ರು ಮೂರು ದೊಡ್ಡ ಫೋಲ್ಡರ್ ಮಾಡಿದರು: ಶಿವಮೊಗ್ಗ ಜಿಲ್ಲೆ ಹೊನ್ನಾಳಿ ತಾಲ್ಲೂಕು, ದಾವಣಗೆರೆ ಜಿಲ್ಲೆ ಹೊನ್ನಾಳಿ ತಾಲ್ಲೂಕು, ದಾವಣಗೆರೆ ಜಿಲ್ಲೆ ನ್ಯಾಮತಿ ತಾಲ್ಲೂಕು. ಇಲ್ಲಿಯವರೆಗೆ ತರ್ಕ ಸರಿ. ಆದರೆ ಪಹಣಿ, ಜಾತಿ ಪ್ರಮಾಣಪತ್ರ, ಅಜ್ಜನ ಫೋಟೋ ಮುಂತಾದವು ಯಾವ ಆಫೀಸಿನವರು ಯಾವಾಗ ಕೇಳುತ್ತಾರೋ ಎಂದು ಮೂರರಲ್ಲೂ ಒಂದೊಂದು ಪ್ರತಿ ಇಟ್ಟರು. ಅಜ್ಜ ತೀರಿಕೊಂಡಿದ್ದು ಎಪ್ಪತ್ತರ ದಶಕದಲ್ಲಿ. ಈಗ ಅವರು ನ್ಯಾಮತಿ ತಾಲ್ಲೂಕಿನಲ್ಲೂ ಇದ್ದಾರೆ.

ಇಷ್ಟರ ಮೇಲೆ ಒಂದು ದಿನ ಪೆಟ್ಟಿಗೆ ನಿಧಾನವಾಯಿತು. ಫೋಟೋ ಒತ್ತಿದರೆ ಬಿಳಿ ಚೌಕ, ಚೌಕದೊಳಗೆ ಸುತ್ತುವ ಚಕ್ರ. ಮೇಷ್ಟ್ರ ಹಳೇ ವಿದ್ಯಾರ್ಥಿಯಾದ್ದರಿಂದ ನನಗೆ ಕರೆ ಬಂತು. ನಾನು ಹೋಗುವಷ್ಟರಲ್ಲಿ ಮೂರು ಸಿದ್ಧಾಂತಗಳು ತಯಾರಾಗಿದ್ದವು. ವೋಲ್ಟೇಜು, ಹಲ್ಲಿ ಹೊಕ್ಕಿರುವುದು, ಅಮಾವಾಸ್ಯೆ ದಿನ ಹೊಸ ಕೇಬಲ್ ಹಾಕಿಸಿದ್ದು. ಮೂರನೆಯದು ಮೇಷ್ಟ್ರ ಮನೆಯವರಾದ ಅಮ್ಮನವರದು, ಮತ್ತು ಮೂರರಲ್ಲಿ ನಿಜಕ್ಕೆ ಹತ್ತಿರವಿದ್ದದ್ದು ಅದೇ. ಕೇಬಲ್ಲಿನ ಎಂಟು ಎಳೆಗಳಲ್ಲಿ ನಾಲ್ಕೇ ಸರಿಯಾಗಿ ಕೂತಿದ್ದವು, ಸಾವಿರದ ವೇಗದಲ್ಲಿ ಓಡಬೇಕಾದ್ದು ನೂರರಲ್ಲಿ ತೆವಳುತ್ತಿತ್ತು. ತುದಿ ಕತ್ತರಿಸಿ ಬೇರೆ ಜ್ಯಾಕ್ ಕ್ರಿಂಪ್ ಮಾಡಿದ್ದಾಯಿತು. ಅಷ್ಟಕ್ಕೆ ಮುಗಿಯಲಿಲ್ಲ.

ಪೆಟ್ಟಿಗೆಗೆ ಒಂದು ಕ್ರೋಶಾ ಹೊದಿಕೆ ಇತ್ತು. ಅಮ್ಮನವರು ಟಿವಿಗೆ, ಮಿಕ್ಸಿಗೆ, ಫ್ರಿಜ್ಜಿನ ಹಿಡಿಗೆ ಹೆಣೆದ ಹಾಗೆಯೇ ಇದಕ್ಕೂ ಹೆಣೆದಿದ್ದರು. ಹಸಿರು ಅಂಚು, ನಡುವೆ ನವಿಲು. ಆಯುಧಪೂಜೆಯಲ್ಲಿ ಬಳಿದ ವಿಭೂತಿಯ ಮೂರು ಪಟ್ಟೆಗಳು ಇನ್ನೂ ಮುಂದಿನ ಜಾಲರಿಯಲ್ಲಿದ್ದವು. ಹಿಂದಿನ ಫ್ಯಾನು ಬಿಸಿಗಾಳಿಯನ್ನು ನವಿಲಿನ ಹೊಟ್ಟೆಗೆ ಊದುತ್ತಿತ್ತು. ಡಿಸ್ಕಿನ ಶಾಖ 58 ಡಿಗ್ರಿ. "ಬೆಚ್ಚಗಿದ್ರೆ ಒಳ್ಳೇದಲ್ವೇನೋ, ಮಳೆಗಾಲ" ಎಂದರು ಅಮ್ಮನವರು. ಹೊದಿಕೆ ತೆಗೆದು ರೂಟರಿಗೆ ಹಾಕಬಹುದೇ ಎಂದೂ ವಿಚಾರಿಸಿದರು.

ಆಮೇಲೆ ಬೆಂಗಳೂರಿನಿಂದ ಮಗ ಫೋನಿಗೆ ಬಂದ. ಮೊದಲು ಏನೇನು ಓಡುತ್ತಿದೆ ನೋಡೋಣ ಎಂದು ಲ್ಯಾಪ್‌ಟಾಪಿನಿಂದ ಪೆಟ್ಟಿಗೆಗೆ ಲಾಗಿನ್ ಮಾಡಿಸಿ ಕಪ್ಪು ಕಿಟಕಿ ತೆರೆಸಿದ. "ಅಪ್ಪಾಜಿ, ಟಾಪ್ ಅಂತ ಟೈಪ್ ಮಾಡಿ ಎಂಟರ್ ಒತ್ರಿ. ಮೇಲೆ ಲೋಡ್ ಆವರೇಜ್ ಅಂತ ಐತಲ್ಲ, ಓದ್ರಿ." ಮೇಷ್ಟ್ರು ಕನ್ನಡಕ ಏರಿಸಿ ಎಸ್ಸೆಸ್ಸೆಲ್ಸಿ ಫಲಿತಾಂಶ ಓದುವ ದನಿಯಲ್ಲಿ ಓದಿದರು: "ಹದಿನಾಲ್ಕು ಪಾಯಿಂಟ್ ಎರಡು, ಹದಿಮೂರು ಪಾಯಿಂಟ್ ಎಂಟು, ಹದಿಮೂರು ಪಾಯಿಂಟ್ ಒಂಬತ್ತು." ಕಳೆದ 1, 5, 15 ನಿಮಿಷಗಳಲ್ಲಿ ಸರಾಸರಿ ಎಷ್ಟು ಕೆಲಸಗಳು ಓಡುತ್ತಿದ್ದವು, ಎಷ್ಟು ಸರದಿಗೆ ಕಾಯುತ್ತಿದ್ದವು ಎಂಬುದರ ಲೆಕ್ಕ ಅದು. ಎರಡು ಕೋರಿನ ಪ್ರೊಸೆಸರಿಗೆ 2ರ ಆಸುಪಾಸು ಇದ್ದರೆ ಹಿತ. ಮೇಷ್ಟ್ರಿಗೆ ಆಶ್ಚರ್ಯವಾದದ್ದು ಇನ್ನೊಂದು. ಅಲ್ಲೇ ಕೆಳಗೆ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನೆ ಕೂತಿದೆ ಎಂದಿತ್ತು. ಕೆಲಸಗಾರ ಖಾಲಿ, ಸಾಲು ಮಾತ್ರ ಹದಿನಾಲ್ಕು ಮಂದಿ! ನ್ಯಾಯಬೆಲೆ ಅಂಗಡಿ ನೆನಪಿಸಿಕೊಳ್ಳಿ: ಅಕ್ಕಿ ತೂಗುವವನು ಕೈಕಟ್ಟಿ ನಿಂತಿರುತ್ತಾನೆ, ಸಾಲು ರಸ್ತೆವರೆಗೆ ಬಂದಿರುತ್ತದೆ, ಏಕೆಂದರೆ ಹೆಬ್ಬೆಟ್ಟು ಒತ್ತುವ ಯಂತ್ರ ಒಂದೇ. ಇಲ್ಲಿ ಆ ಯಂತ್ರದ ಜಾಗದಲ್ಲಿ ಡಿಸ್ಕಿತ್ತು. ಎಲ್ಲರಿಗೂ ಅದರಲ್ಲೇ ಬರೆಯಬೇಕು, ಅದರಿಂದಲೇ ಓದಬೇಕು, ಅದರ ಮುಳ್ಳೋ ಅತ್ತಿಂದಿತ್ತ ಓಡಿ ಸುಸ್ತಾಗಿತ್ತು.

"ಸರಿ, ಹಾಜರಿ ಕರೀತೀನಿ" ಎಂದರು ಮೇಷ್ಟ್ರು. ನಾಲ್ಕು ಸಿಸಿಟಿವಿ ಕ್ಯಾಮೆರಾ ಹಗಲೂ ರಾತ್ರಿ ಬರೆಯುತ್ತಿದ್ದವು: ಒಂದು ಅಡಿಕೆ ಒಣಗುವ ಕಣಕ್ಕೆ, ಒಂದು ಮೆಕ್ಕೆಜೋಳದ ರಾಶಿಗೆ, ಒಂದು ಗೇಟಿಗೆ, ಒಂದು ಪಕ್ಕದ ಮನೆಯ ತೆಂಗಿನ ಮರಕ್ಕೆ. ಯಾಕೆ ಎಂದರೆ ಕಾಯಿ ಈ ಕಡೆ ಬಿದ್ದರೆ ಯಾರು ಎತ್ತಿಕೊಂಡರು ಎಂಬುದಕ್ಕೆ ದಾಖಲೆ ಬೇಕಲ್ಲ. ಮೂರು ಫೋನು ಸುರಿಯುತ್ತಿದ್ದವು. ಎರಡು ಡಿಸ್ಕೂ ಒಂದಕ್ಕೊಂದು ತಾಳೆಯಾಗುತ್ತಿವೆಯೇ ಎಂದು ಪರೀಕ್ಷಿಸುವ ತಿಂಗಳ ಕೆಲಸ ಅದೇ ದಿನ ಶುರುವಾಗಿತ್ತು. ಎಲ್ಲಕ್ಕಿಂತ ದೊಡ್ಡ ಭೂತ ಮುಖ ಗುರುತಿಸುವ ಕೆಲಸ.

ಅದನ್ನು ಸ್ವಲ್ಪ ವಿವರಿಸಬೇಕು. ಪ್ರತಿ ಫೋಟೋ ತೆರೆದು, ಮುಖ ಹುಡುಕಿ, ಒಂದೇ ಥರದವನ್ನು ಒಟ್ಟು ಹಾಕಿ "ಇವರು ಯಾರು?" ಎಂದು ಕೇಳುವುದು ಅದರ ಧರ್ಮ. ಮದುವೆ ಆಲ್ಬಂಗಳಿಗೆ ಬಂದಾಗ ಅದು ಕಂಗಾಲಾಯಿತು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಪೇಟ, ಗಂಭೀರ ಮುಖ. ಎರಡೂ ಕಡೆಯ ಬೀಗರು, ಪುರೋಹಿತರು, ಸೊಸೈಟಿ ಅಧ್ಯಕ್ಷರು ಎಲ್ಲರನ್ನೂ ಸೇರಿಸಿ ಅದು ಒಬ್ಬನೇ ಮನುಷ್ಯನನ್ನು ಮಾಡಿತು. ಬೇರೆಯವರಾದರೆ ನಕ್ಕು ಬಿಡುತ್ತಿದ್ದರು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಒಬ್ಬೊಬ್ಬರನ್ನೇ ಬಿಡಿಸಿ ಹೆಸರು ಹಾಕತೊಡಗಿದರು. ಬರೀ ಹೆಸರಲ್ಲ, ಶ್ರೀ ಸಮೇತ. ತೀರಿಕೊಂಡವರಿಗೆ ಲಿಂಗೈಕ್ಯ ಸೇರಿಸಬೇಕು. ಪೇಪರಿನಲ್ಲಿ ಯಾರದಾದರೂ ಶ್ರದ್ಧಾಂಜಲಿ ಬಂದರೆ ಮೇಷ್ಟ್ರು ಮೊದಲು ಮಾಡುವ ಕೆಲಸ ಲಾಗಿನ್ ಆಗುವುದು. ಒಬ್ಬರ ಹೆಸರು ತಿದ್ದಿದರೆ ಪೆಟ್ಟಿಗೆ ಅವರ ಅಷ್ಟೂ ಫೋಟೋಗಳ ಪಟ್ಟಿಯನ್ನು ಮತ್ತೆ ಬರೆಯುತ್ತಿತ್ತು. ಚಳಿಗಾಲದಲ್ಲಿ ಅದಕ್ಕೆ ಬಿಡುವೇ ಇರುತ್ತಿರಲಿಲ್ಲ.

"ಅಪ್ಪಾಜಿ, ಡಿಸ್ಕ್ ನೂರಕ್ಕೆ ತೊಂಬತ್ತೊಂದು ತುಂಬೇತಿ. ಒಂದಿಷ್ಟು ಅಳಿಸ್ರಿ" ಎಂದು ಮಗ ಬೇಡಿಕೊಂಡ. ಮೇಷ್ಟ್ರು ಒಪ್ಪಿದರು. ಅದೇ ಅನುಮಾನ ಬರಿಸಬೇಕಿತ್ತು. ಮಾರನೇ ವಾರ ನೋಡಿದರೆ ತೊಂಬತ್ತಾರು. "ಅಳಿಸಬೇಕಾದ್ದು" ಎಂಬ ಫೋಲ್ಡರ್ ಮಾಡಿ, ಅಳಿಸಬಹುದಾದ್ದನ್ನೆಲ್ಲ ಆರಿಸಿ, ಅದರೊಳಗೆ ಕಾಪಿ ಮಾಡಿದ್ದರು. ಮೂಲ ಮೂಲದಲ್ಲೇ ಇತ್ತು. ಆಮೇಲೆ ಅದನ್ನು ಪರಿಶೀಲಿಸಿ "ಅಳಿಸಬೇಕಾದ್ದು – ಅಂತಿಮ" ಎಂದು ಇನ್ನೊಂದು, ಮನಸ್ಸು ಬದಲಾಗಿ "ಅಂತಿಮ 2" ಎಂದು ಮತ್ತೊಂದು. ಶಾಲೆಯ ಹಳೇ ಬೆಂಚನ್ನು ವಿಲೇವಾರಿ ಮಾಡಲು ಪ್ರಸ್ತಾವನೆ, ಪರಿಶೀಲನೆ, ಮಂಜೂರಾತಿ ಎಂದು ಮೂರು ಹಂತ ಇರುತ್ತಿದ್ದವಲ್ಲ, ಕೈ ಅದಕ್ಕೇ ಪಳಗಿತ್ತು. ನಿಜವಾಗಿ ಅಳಿಸಿದ ಕೆಲವೂ ಎಲ್ಲೂ ಹೋಗಿರಲಿಲ್ಲ. ಪೆಟ್ಟಿಗೆಯಲ್ಲಿ ಕಸದಬುಟ್ಟಿ ಎಂಬುದೊಂದಿರುತ್ತದೆ. ಮೇಷ್ಟ್ರು ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ಅದನ್ನು ತೆರೆದು, ನಿನ್ನೆ ಎಸೆದದ್ದರಲ್ಲಿ ಮರುಕ ಹುಟ್ಟಿದ್ದನ್ನು ವಾಪಸು ತರುತ್ತಿದ್ದರು. 600 ಜಿಬಿ ಬುಟ್ಟಿಯಲ್ಲೇ ಇತ್ತು.

ನಡುವೆ ಅಮ್ಮನವರು ಬಂದು ನಿಂತರು. "ಏನ್ರೀ, ಪಾಪೂನ ನಾಮಕರಣದ್ದು, ತೊಟ್ಟಿಲಾಗೆ ನಕ್ಕಿದ್ದು ಒಂದು ಫೋಟೋ ಇತ್ತಲ್ಲ, ಅದನ್ನ ತೆಗೀರಿ." ಮೇಷ್ಟ್ರು ತೆಗೆಯಲು ಹೋದರು. ಪಾಪು ಎಂದು ಹುಡುಕಿದರೆ ಊರಿನ ಎಲ್ಲ ಪಾಪುಗಳೂ ಬಂದವು. ನಾಮಕರಣ ಎಂದರೆ ಆಮಂತ್ರಣ ಪತ್ರಿಕೆಗಳು ಬಂದವು, ಇವರಿಗೆ ಬಂದದ್ದು, ಇವರು ಕೊಟ್ಟದ್ದು. ಚಕ್ರ ಸುತ್ತಿತು. "ಇಷ್ಟೆಲ್ಲ ಇಟ್ಕೊಂಡು..." ಎಂದು ಅಮ್ಮನವರು ಮಾತು ಮುಗಿಸದೆ ಒಳಗೆ ಹೋದರು. ಆ ಫೋಟೋ ಅವರ ಫೋನಿನಲ್ಲೇ ಇತ್ತು, ವಾಲ್‌ಪೇಪರಿನ ಹಿಂದಿನ ವಾಲ್‌ಪೇಪರಾಗಿ. ಶಿವಮೊಗ್ಗಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಸ್ಟುಡಿಯೋದಲ್ಲಿ ತೊಳೆಸಿ, ಕಟ್ಟು ಹಾಕಿಸಿ, ಪೆಟ್ಟಿಗೆಯ ನೇರ ಮೇಲೆ ಮೊಳೆ ಹೊಡೆಸಿ ನೇತುಹಾಕಿದ್ದಾರೆ.

ಕೊನೆಗೆ ಮಗ ಬೆಂಗಳೂರಿನಿಂದಲೇ ಬಿಗಿ ಮಾಡಿದ. ಮುಖ ಗುರುತಿಸುವುದು ರಾತ್ರಿ ಒಂದರಿಂದ ಐದರವರೆಗೆ ಮಾತ್ರ. ಕ್ಯಾಮೆರಾಗಳು ಏನಾದರೂ ಅಲುಗಿದರೆ ಮಾತ್ರ ಬರೆಯಬೇಕು. ತೆಂಗಿನ ಮರದ್ದನ್ನು ತೆಗೆಸಿದ, ಏಕೆಂದರೆ ಗರಿ ಯಾವಾಗಲೂ ಅಲುಗುತ್ತದೆ. ಬುಟ್ಟಿ ವಾರಕ್ಕೊಮ್ಮೆ ತಾನೇ ಖಾಲಿಯಾಗುವಂತೆ ಮಾಡಿದ, ಅಪ್ಪನಿಗೆ ಹೇಳಲಿಲ್ಲ. ಲೋಡು 0.3ಕ್ಕೆ ಇಳಿಯಿತು. ಫೋಟೋ ಒತ್ತಿದರೆ ಫೋಟೋ.

ಎಲ್ಲರಿಗೂ ಸಮಾಧಾನ, ಮೇಷ್ಟ್ರಿಗೆ ಇಲ್ಲ. "ಸದ್ದೇ ಇಲ್ಲ ಕಣೋ. ಹಸಿರು ಲೈಟೂ ಮಿನುಗಲ್ಲ. ಇಷ್ಟು ದುಡ್ಡು ಕೊಟ್ಟು ಸುಮ್ನೆ ಕೂರ್ಸೋದಾ?" ಎಂದು ಎರಡು ಸಲ ಅಂದರು. ಮೂರನೇ ದಿನ ಹೋರಿ ಹಬ್ಬದ ಗ್ರೂಪಿನಲ್ಲಿ ಅವರ ಪ್ರಕಟಣೆ ಬಂತು: ಯಾರಿಗಾದರೂ ವಿಡಿಯೋ ಇಡಲು ಜಾಗ ಬೇಕಿದ್ದರೆ ಸಂಪರ್ಕಿಸುವುದು, ಶುಲ್ಕವಿಲ್ಲ. ಅಂದು ಸಂಜೆಗೇ ಶಿಕಾರಿಪುರದ ಕಡೆಯ ನಾಲ್ಕು ಹುಡುಗರು ಡ್ರೋನಿನಲ್ಲಿ ತೆಗೆದದ್ದನ್ನು 2 ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು ಬೈಕಿನಲ್ಲಿ ಬಂದಿಳಿದರು.

ಮಗ ನನಗೆ ಫೋನ್ ಮಾಡಿದ. "ಅಣ್ಣ, ಲೋಡ್ ಮತ್ತೆ ಹನ್ನೊಂದು ತೋರಿಸ್ತತಿ. ಅಪ್ಪಾಜಿ ಏನ್ ಮಾಡ್ತಿದಾರೆ?"

ಅಪ್ಪಾಜಿ ಪಡಸಾಲೆಯಲ್ಲಿ ಉದ್ದನೆ ರಿಜಿಸ್ಟರ್ ಬಿಚ್ಚಿ, ಗೆರೆ ಎಳೆದು, ಹುಡುಗರ ಕೈಗೆ ಪೆನ್ನು ಕೊಡುತ್ತಿದ್ದರು. "ಹೋರಿ ಹೆಸರು ಬರೀರಪ್ಪ. ಮಾಲೀಕರ ಹೆಸರು ಬರೀರಿ, ಊರು ಬರೀರಿ. ತಾಲ್ಲೂಕು ಹಳೇದೂ ಬರೀರಿ, ಹೊಸದೂ ಬರೀರಿ."