ಲಿನಕ್ಸಿನ ಗೋತ್ರ ಯಾವುದು?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿತು. ಹನ್ನೊಂದಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೇ ಕಂಪ್ಯೂಟರಿಗೆ ಅಲ್ಲಿ ಪ್ರವೇಶವಿಲ್ಲ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದ ರಿಟೈರಾದ ಹಿರಿಯರೊಬ್ಬರು, ವಿಂಡೋಸ್ ಬದಲಿಗೆ ಲಿನಕ್ಸ್ ಪುಕ್ಕಟೆ ಸಿಗುತ್ತದಂತೆ ಎಂದು ಕೇಳಿ, ಸಾಫ್ಟ್‌ವೇರಿನಲ್ಲಿರುವ ಸೋದರಳಿಯನಿಗೆ ಫೋನ್ ಮಾಡುತ್ತಾರೆ: “ಲಿನಕ್ಸ್ ಹಾಕಿಕೊಡಪ್ಪ.” ಅಲ್ಲಿಗೆ ಅವರ ನೆಮ್ಮದಿ ಮುಗಿಯಿತು.

ಯಾವ ಲಿನಕ್ಸು? ಅಳಿಯ ಮೊದಲು ಗೋತ್ರ ಬಿಡಿಸುತ್ತಾನೆ. ಮೂಲಪುರುಷ ಡೆಬಿಯನ್, 1993. ಅದರ ಮಗ ಉಬುಂಟು, 2004. ಉಬುಂಟುವಿನ ಮಗ ಮಿಂಟ್. ಅಪ್ಪ ನಾಳೆ ಕೈಕೊಟ್ಟರೆ ಇರಲಿ ಎಂದು ಮಿಂಟ್ ನೇರ ಅಜ್ಜನ ಮನೆಗೂ ಒಂದು ಬಾಗಿಲು ಇಟ್ಟುಕೊಂಡಿದೆ, ಅದಕ್ಕೆ ಎಲ್‌ಎಂಡಿಇ ಎಂದು ಹೆಸರು. ಸಿಸ್ಟಮ್‌ಡಿ ವಿಷಯಕ್ಕೆ ಮನಸ್ತಾಪವಾಗಿ ಪಾಲು ತೆಗೆದುಕೊಂಡು ಹೋದದ್ದು ಡೆವುವಾನ್. ಕಂಪ್ಯೂಟರ್ ಆನ್ ಮಾಡಿದಾಗ ಯಾವ ಪ್ರೋಗ್ರಾಮು ಮೊದಲು ಎದ್ದು ಉಳಿದವರನ್ನು ಎಬ್ಬಿಸಬೇಕು ಎಂಬುದಷ್ಟೇ ವ್ಯಾಜ್ಯ. ಕೊಟ್ಟಿಗೆಯ ಗೋಡೆಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರನ್ನು ನೋಡಿದ್ದೇನೆ. ಇಲ್ಲಿ ಗೋಡೆಯೂ ಇಲ್ಲ.

ನಾಮಕರಣದ ಚಂದ ಬೇರೆ. ಡೆಬಿಯನ್ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರು. ಎಂದೂ ಸ್ಥಿರವಾಗದ ಆವೃತ್ತಿಗೆ ಸಿಡ್ ಎಂದು ಹೆಸರಿಟ್ಟಿದ್ದಾರೆ, ಆ ಸಿನಿಮಾದಲ್ಲಿ ಆಟಿಕೆ ಮುರಿಯುವ ಹುಡುಗ ಅವನೇ. ಮೊದಲೇ ಹೇಳಲಿಲ್ಲ ಎಂದು ಯಾರೂ ದೂರುವಂತಿಲ್ಲ. ಹ್ಯಾನಾ ಮೊಂಟಾನಾ ಎಂಬ ಟೀವಿ ಹುಡುಗಿಯ ಹೆಸರಿನಲ್ಲೂ ಒಂದು ಲಿನಕ್ಸ್ ಬಂದಿತ್ತು. ಆರ್ಚ್ ಎಂಬ ಲಿನಕ್ಸ್ ಹಾಕಿಕೊಂಡವರ ಬಗ್ಗೆ ನಾನು ಹೇಳಬೇಕಿಲ್ಲ, ಅವರೇ ಹೇಳುತ್ತಾರೆ.

ವಿಚಾರಣೆ ಮುಂದುವರಿಯುತ್ತದೆ.

“ಮಾವ, ಗ್ನೋಮ್ ಬೇಕಾ ಕೆಡಿಇ ಬೇಕಾ?”

“ಪ್ರಿಂಟರ್ ಓಡಬೇಕು ಕಣೋ.”

“ಸ್ನ್ಯಾಪ್ ತೆಗೆದು ಫ್ಲಾಟ್‌ಪ್ಯಾಕ್ ಹಾಕ್ಲಾ?”

“ಕರೆಂಟ್ ಬಿಲ್ ಕಟ್ಟಬೇಕು. ಸಂಘದ ಪತ್ರ ಕನ್ನಡದಲ್ಲಿ ಹೊಡೀಬೇಕು.”

“ರೋಲಿಂಗ್ ರಿಲೀಸ್ ಆದ್ರೆ ಯಾವಾಗ್ಲೂ ಹೊಸದೇ ಇರುತ್ತೆ ಮಾವ.”

“ನಿನ್ನೆ ಇದ್ದ ಬಟನ್ನು ಇವತ್ತೂ ಅಲ್ಲೇ ಇದ್ರೆ ಸಾಕಪ್ಪ.”

ಮಾವನಿಗೆ ಬೇಕಾದ್ದರಲ್ಲಿ ಒಂದೂ ಈ ಗೋತ್ರಗಳನ್ನು ಕೇಳುವುದಿಲ್ಲ. ತಳದ ಕರ್ನಲ್ ಎಲ್ಲದಕ್ಕೂ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ್ದೇ. ಬಿಲ್ ಕಟ್ಟುವ ಫೈರ್‌ಫಾಕ್ಸ್ ಅದೇ, ಪತ್ರ ಬರೆಯುವ ಲಿಬ್ರೆಆಫೀಸ್ ಅದೇ. ಕನ್ನಡದ ಕಗಪ ಕೀಲಿಮಣೆ ಕೂಡ ಬಹುತೇಕ ಎಲ್ಲದರಲ್ಲೂ ಒಂದೇ ಪ್ಯಾಕೇಜಿನಿಂದ ಬರುತ್ತದೆ. ಬದಲಾಗುವುದು ಮುಖ್ಯವಾಗಿ ಎಷ್ಟು ದಿನ ನಿಮ್ಮನ್ನು ನಿಮ್ಮ ಪಾಡಿಗೆ ಬಿಡುತ್ತದೆ ಎಂಬುದು. ಉಬುಂಟುವಿನ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲದ ಆವೃತ್ತಿ, ಐದು ವರ್ಷ; ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಸುಮಾರು 13 ತಿಂಗಳು. ಮಾವನಂಥವರಿಗೆ ಎಲ್‌ಟಿಎಸ್ಸೋ ಮಿಂಟೋ ಹಾಕಿ ಎದ್ದುಬಂದರೆ ಆಯಿತು. ಆದರೆ ಅಳಿಯ ಮಾತಾಡಲು ಹಾತೊರೆಯುವ ಸಂಗತಿ ಇದಲ್ಲ, ಏಕೆಂದರೆ ಇದನ್ನು ಹೇಳಿದರೆ ಮಾತು ಎರಡೇ ನಿಮಿಷಕ್ಕೆ ಮುಗಿದುಹೋಗುತ್ತದೆ.

ಅಂತೂ ಮಿಂಟ್ ಬಿತ್ತು. ಪ್ರಿಂಟರ್ ಓಡಿತು, ಸಂಘದ ಪತ್ರ ಹೋಯಿತು. ಮುಂದಿನ ಭಾನುವಾರ ಬಾಗಿಲಲ್ಲಿ ಅಳಿಯ, ಕೈಯಲ್ಲಿ ಪೆನ್‌ಡ್ರೈವ್. “ಮಾವ, ಇದಕ್ಕಿಂತ ಲೈಟಾಗಿರೋದು ಒಂದು ಸಿಕ್ತು.”

“ಬಾರಪ್ಪ, ಕಾಫಿ ಕುಡಿ. ಕಂಪ್ಯೂಟರ್ ರೂಮಿನ ಬೀಗದ ಕೈ ನಿಮ್ಮತ್ತೆ ತಗೊಂಡು ಹೋಗಿದ್ದಾಳೆ.”